ಜೀಗುಜ್ಜೆ ಕೊಯ್ಯುವ ಮೊದಲು ಸಿಪ್ಪೆ ನೋಡಿ

ಜೀಗುಜ್ಜೆ (ದೀವಿಹಲಸು) ಮರ ಇರುವವರಿಗೆ ಒಂದು ಸಲಹೆ. ಹವಾಯಿ, ಸಮೋವಾ, ಟಹೀಟಿ ದ್ವೀಪಗಳಲ್ಲಿ ಇದು ಬರೀ ತರಕಾರಿಯಲ್ಲ, ಹೊಟ್ಟೆ ತುಂಬಿಸುವ ಊಟ. ಅಲ್ಲಿ ಬಲಿತ ಕಾಯನ್ನು ಇಡಿಯಾಗಿ ಕೆಂಡದಲ್ಲಿ ಸುಡುತ್ತಾರೆ. ನಮ್ಮ ಕರಾವಳಿಯ ಪೋಡಿಗೆ, ಪಲ್ಯಕ್ಕೆ ಸ್ವಲ್ಪ ಎಳತಾದರೂ ನಡೆಯುತ್ತದೆ. ಆದರೆ ಸುಡಲು, ಬೇಯಿಸಿ ತಿನ್ನಲು ಬಲಿತದ್ದೇ ಬೇಕು.

ಬಲಿತಿದೆ ಅಂತ ತಿಳಿಯುವುದು ಸುಲಭ. ಸಿಪ್ಪೆಯ ಹಸಿರು ಮಾಸಿ ಹಳದಿಗೆ ತಿರುಗುತ್ತದೆ, ಮೇಲಿನ ಉಬ್ಬುಗಳು ಚಪ್ಪಟೆಯಾಗುತ್ತವೆ, ಅಲ್ಲಲ್ಲಿ ಮೇಣ ಒಸರಿ ಒಣಗಿರುತ್ತದೆ. ಮೇಣದ ಗುರುತನ್ನು ನಾನು ಜಾಸ್ತಿ ನಂಬುತ್ತೇನೆ.

ಕಾಯನ್ನು ನೆಲಕ್ಕೆ ಬೀಳಿಸಬೇಡಿ. ಪೆಟ್ಟಾದರೆ ಬೇಗ ಮೆತ್ತಗಾಗುತ್ತದೆ. ದೋಟಿಯ ತುದಿಗೆ ಬಲೆ ಕಟ್ಟಿಕೊಳ್ಳಿ. ಕೊಯ್ದ ಕೂಡಲೇ ತೊಟ್ಟು ಕೆಳಗಾಗಿ ಇಟ್ಟರೆ ಮೇಣ ಸೋರಿ ಹೋಗುತ್ತದೆ. ಹೆಚ್ಚುವಾಗ ಕೈಗೆ, ಚಾಕುವಿಗೆ ತೆಂಗಿನೆಣ್ಣೆ ಸವರಿ.

ಒಂದೆರಡು ದಿನ ತಡೆಯಬೇಕಾದರೆ ಕಾಯನ್ನು ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿಡಿ, ಹಣ್ಣಾಗುವುದು ನಿಧಾನವಾಗುತ್ತದೆ. ಕೆರಿಬಿಯನ್ ದ್ವೀಪಗಳಲ್ಲೂ ಹೀಗೆ ಮಾಡುತ್ತಾರೆ. ಇನ್ನೂ ಹೆಚ್ಚು ದಿನಕ್ಕಾದರೆ ಹೋಳು ಮಾಡಿ, ಅರೆಬೇಯಿಸಿ ಫ್ರೀಜರ್‌ಗೆ ಹಾಕಿ.

ಗಿಡ ಬೇಕಾದವರು ಬೀಜ ಹುಡುಕಬೇಡಿ, ನಮ್ಮಲ್ಲಿ ಬೆಳೆಯುವ ತಳಿಯಲ್ಲಿ ಬೀಜ ಇರುವುದಿಲ್ಲ. ಮರದ ಬೇರಿನಿಂದ ಏಳುವ ಸಸಿಯನ್ನೇ ಬೇರು ಸಮೇತ ಕಿತ್ತು ನೆಡಿ.