ಮೆನು ಅಳಿಸಿದ ಮೇಲೆ ಹೋಟೆಲ್ ನಡೆಯಿತು

ಅಂಜಲ್ ಫ್ರೈ ಇಲ್ಲದೆ ಉಡುಪಿ ಕಡೆ ಮೀನೂಟದ ಹೋಟೆಲ್ ನಡೆಯುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಈಗ ನಾಲ್ಕನೇ ವರ್ಷ. ಚೆನ್ನಾಗಿಯೇ ನಡೀತಾ ಇದೆ.

ಒಮ್ಮೆ ಕಡಿಮೆ ರೇಟಿಗೆ ಸಿಕ್ಕಿತು ಅಂತ ಒಂದು ಬಾಕ್ಸ್ ಅಂಜಲ್ ತಂದೆ. ಒಂದೂ ಮೊಳ ಉದ್ದ ಇರಲಿಲ್ಲ. ಹೊಟ್ಟೆ ಸೀಳಿದರೆ ಮೊಟ್ಟೆಯ ಸುಳಿವಿಲ್ಲ, ಎಲ್ಲ ಇನ್ನೂ ಬೆಳೆಯದ ಮರಿಮೀನುಗಳು. ಅಂಜಲ್ 50 ಸೆಂ.ಮೀ. ಆದರೂ ಇರಬೇಕು ಅಂತ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ)ಯವರು ಹೇಳುವುದು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೀನು ಕತ್ತರಿಸುವ ಹಲಗೆಯ ಅಂಚಿನಲ್ಲಿ ಎರಡು ಗೀಟು ಕೊರೆದೆ. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಗೀಟು ಮುಟ್ಟದ ಮೀನು ಬೇಡ. "ಇದೇನು ಬಟ್ಟೆಯಾ ಮಾರಾಯ, ಅಳೆದು ತಗೊಳ್ಳಲಿಕ್ಕೆ?" ಅಂದರು ಮೀನು ಮಾರುವ ಅಕ್ಕ.

ಮೊದಲ ಮೂರು ತಿಂಗಳು ಸುಮಾರು 60 ಸಾವಿರ ಕೈಬಿಟ್ಟಿತು. ತಪ್ಪು ಮೆನುವಿನಲ್ಲಿತ್ತು. ಕಾಣೆ ಮೀನು ಅಂತ ಅಚ್ಚು ಹಾಕಿಸಿದರೆ, ಸಿಗದ ದಿನವೂ ಕಡಲ ತಳ ಬಾಚುವ ಟ್ರಾಲ್ ಬೋಟಿನದ್ದು ಹುಡುಕಿ ತರಬೇಕಲ್ವಾ? ಮೆನು ತೆಗೆದು ಗೋಡೆಗೆ ಕಪ್ಪು ಹಲಗೆ ಹಾಕಿದೆ. ನಾಡದೋಣಿಯವರು, ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರು ಬೆಳಿಗ್ಗೆ ಏನು ತಂದರೋ ಅದೇ ಊಟ. ತಿಂಗಳ ಮೀನಿನ ಖರ್ಚು ಹೆಚ್ಚುಕಮ್ಮಿ ಕಾಲು ಭಾಗ ಇಳಿಯಿತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಇಳಿಯುವುದಿಲ್ಲ. ಆಗ ಬೇರೆಯವರು ಹೊರರಾಜ್ಯದ ಐಸ್ ಮೀನು ತರಿಸುತ್ತಾರೆ. ನಾನು ನಾಡದೋಣಿ ಇಳಿದ ದಿನ ಮಾತ್ರ ಹಸಿ ಮೀನು ಮಾಡುತ್ತೇನೆ. ಉಳಿದ ದಿನ ಒಣಮೀನು ಚಟ್ನಿ, ಒಣಸಿಗಡಿ ಗಸಿ. ಮಳೆಗಾಲದಲ್ಲಿ ಗಂಜಿ ಜೊತೆ ಅದಕ್ಕೇ ಗಿರಾಕಿ ಜಾಸ್ತಿ.

ಹೊಳೆಯಲ್ಲಿ ಹಗ್ಗ ಇಳಿಬಿಟ್ಟು ಬೆಳೆಸಿದ ಪಚ್ಚಿಲೆ, ಅಂದರೆ ಹಸಿರು ಚಿಪ್ಪಿನ ಮೀನು, ನನಗೆ ತುಂಬಾ ಇಷ್ಟದ ಸರಕು. ಆಹಾರ ಹಾಕಬೇಕಿಲ್ಲ, ನೀರನ್ನೇ ಸೋಸಿ ತಿನ್ನುತ್ತದೆ. ಮಳೆ ಬಂದು ಹೊಳೆ ಸಪ್ಪೆಯಾದರೆ ಸಾಯುತ್ತದೆ, ಹಾಗಾಗಿ ಮೇ ಒಳಗೇ ತೆಗೆಸುತ್ತೇನೆ.

ಮರಳಲ್ಲಿ ಹುದುಗಿರುವ ಚಿಪ್ಪುಮೀನು ಮರುವಾಯಿ, ಅದರ ಮರಳು ಬಿಡಿಸಲಿಕ್ಕೂ ಒದ್ದಾಡಿದ್ದೇನೆ. ಬಾವಿ ನೀರಿಗೆ ಹಾಕಿದ್ದೆ, ಏಳೆಂಟು ಕೆಜಿ ಸತ್ತು ನಾತ ಹೊಡೆಯಿತು. ಅದು ಬೆಳೆದ ಅಳಿವೆಯ ಉಪ್ಪುನೀರೇ ಆಗಬೇಕು, ಒಂದು ರಾತ್ರಿ, ಕತ್ತಲಲ್ಲಿ. ನೀರು ಎಷ್ಟು ಸಲ ಬದಲಾಯಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ನನ್ನ ಸುಕ್ಕದಲ್ಲಿ ಹಲ್ಲಿಗೆ ಒಂದು ಕಾಳು ಮರಳು ಸಿಗುವುದಿಲ್ಲ.

ಅಂಜಲ್ ಪೂರ್ತಿ ಬಿಟ್ಟಿಲ್ಲ. ಗಾಳದ್ದು, ನಾಲ್ಕೈದು ಕೆಜಿ ತೂಗುವಂಥದ್ದು ಸಿಕ್ಕರೆ ತರುತ್ತೇನೆ. ತುಂಡಿಗೆ 300ರ ಮೇಲೆ ಬರೆದರೂ ಒಂದೂವರೆಗೆಲ್ಲ ಮುಗಿದಿರುತ್ತದೆ.