ನನ್ನ ಅನುಭವ: ಮೂರು ಕೈಯ ಬ್ರಿಜಿಡ್ ಶಿಲುಬೆ, ಮೂರೂವರೆ ವರ್ಷದ ಮಕ್ಕಳು

ಈ ಸಲ ನಮ್ಮ ಪ್ರೀಸ್ಕೂಲಿನ 22 ಮಕ್ಕಳಲ್ಲಿ 19 ಮಕ್ಕಳು ತಾವೇ ಹೆಣೆದ ಬ್ರಿಜಿಡ್ ಶಿಲುಬೆ ಹಿಡಿದುಕೊಂಡು ಮನೆಗೆ ಹೋದರು. ಐರ್ಲೆಂಡಿನ ಸೇಂಟ್ ಬ್ರಿಜಿಡ್ ಅನ್ನುವ ಸನ್ಯಾಸಿನಿಯ ಹಬ್ಬಕ್ಕೆ ಇಲ್ಲಿ ಜೊಂಡುಹುಲ್ಲಿನಲ್ಲಿ ಹೆಣೆಯುವ ಶಿಲುಬೆ ಅದು. ನಮ್ಮದೂ ನಿಜವಾದ ಜೊಂಡಿನದೇ. ಬಣ್ಣ ತುಂಬುವ ಹಾಳೆ ಅಲ್ಲ, ನಾನು ರಾತ್ರಿ ಕೂತು ಮಾಡಿಕೊಟ್ಟಿದ್ದೂ ಅಲ್ಲ. "ಇದು ದೊಡ್ಡ ಶಾಲೆ ಮಕ್ಕಳ ಕೆಲಸ, ನಿನಗ್ಯಾಕೆ ಈ ಹುಚ್ಚು" ಅಂದವರಿಗೆಲ್ಲ ಫೋಟೊ ತೋರಿಸಿ ಆಯಿತು. ಐರ್ಲೆಂಡಿನಲ್ಲಿ ನನ್ನ ಹಾಗೆ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವ ನಮ್ಮವರು ಸುಮಾರು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಹಸಿರು ಟೋಪಿ ಹಾಕಿಸಿದರೆ ಮುಗಿಯಿತು. ಫೆಬ್ರುವರಿ 1ರ ಬ್ರಿಜಿಡ್ ಹಬ್ಬ ಹಾಗಲ್ಲ, ಅದರಲ್ಲಿ ಕೈಕೆಲಸವೇ ಜಾಸ್ತಿ. 2023ರಲ್ಲಿ ಅದಕ್ಕೆ ಸರ್ಕಾರಿ ರಜೆ ಕೊಟ್ಟ ಮೇಲೆ ನಮ್ಮಲ್ಲೂ "ಏನಾದರೂ ಮಾಡಿ" ಅಂತ ಶುರುವಾಯಿತು.

ಮೊದಲ ವರ್ಷ ಪೈಪ್ ಕ್ಲೀನರ್ (ನೂಲು ಸುತ್ತಿದ ಬಾಗುವ ತಂತಿ) ತಂದೆ. ಸುಮಾರು 18 ಯೂರೋ, ನನ್ನ ಕೈಯಿಂದಲೇ. ತಂತಿಯ ತುದಿ ಒಬ್ಬಳ ಬೆರಳಿಗೆ ಚುಚ್ಚಿತು, ಗಾಯದ ಫಾರಂ ತುಂಬಿದ್ದೇ ಬಂತು. ಎರಡನೇ ವರ್ಷ ಕಾಗದದ ಸ್ಟ್ರಾ, 12-13 ಯೂರೋ. ಮಡಚಿದ ಕಡೆ ಬಿರಿಯಿತು, ಮಿಕ್ಕದ್ದನ್ನು ಮಕ್ಕಳು ಜಗಿದು ಉಗಿದರು. ಎರಡು ವರ್ಷವೂ ರಾತ್ರಿ ಒಂದು ಗಂಟೆವರೆಗೆ ನಾನೇ ಕಟ್ಟಿದೆ. "ಹೋಂವರ್ಕ್ ಯಾರಿಗೆ ಕೊಟ್ಟಿದ್ದಾರೆ, ಮಕ್ಕಳಿಗೋ ನಿನಗೋ" ಅಂತ ನಮ್ಮ ಮನೆಯವರು ರೇಗಿಸಿದರು.

ಮೂರನೇ ವರ್ಷ ಜೊಂಡಿಗೆ ಇಳಿದೆ. ಇಲ್ಲಿ ರಶಸ್ ಅನ್ನುತ್ತಾರೆ. ನೀರು ನಿಲ್ಲುವ ಹುಲ್ಲುಗಾವಲಿನಲ್ಲಿ ಬೇಡ ಅಂದರೂ ಬೆಳೆಯುತ್ತದೆ. ಕಿಲ್ಡೇರ್ ಕಡೆಯ ರೈತರೊಬ್ಬರನ್ನು ಕೇಳಿದರೆ, ಬೇಕಾದರೆ ಇಡೀ ಹೊಲದ್ದನ್ನೇ ಕಿತ್ತುಕೊಂಡು ಹೋಗು ಅಂತ ನಕ್ಕರು. ಖರ್ಚು ಪೆಟ್ರೋಲಿನದು ಮಾತ್ರ. ಕುಡುಗೋಲು ತಾಗಿಸಬಾರದು, ಕೈಯಲ್ಲೇ ಕೀಳಬೇಕು ಅನ್ನುವುದು ಪದ್ಧತಿ. ಅದನ್ನೂ ಪಾಲಿಸಿದೆ. ಆದರೆ ಒಂದು ವಾರ ಮುಂಚೆ ತಂದು ರೇಡಿಯೇಟರ್ ಪಕ್ಕ ಇಟ್ಟೆ. ಶುದ್ಧ ದಡ್ಡತನ. ಹಬ್ಬದ ಹೊತ್ತಿಗೆ ಪೊರಕೆ ಕಡ್ಡಿ ಆಗಿತ್ತು, ಮಡಚಿದರೆ ಪಟಕ್.

ಈ ಸಲ ಎರಡೇ ದಿನ ಮುಂಚೆ ಕಿತ್ತು, ಒದ್ದೆ ಟವೆಲಿನಲ್ಲಿ ಸುತ್ತಿ ಹೊರಗಿನ ಶೆಡ್ಡಿನಲ್ಲಿ ಇಟ್ಟೆ. ಮಗುವಿಗೆ 9 ಕಡ್ಡಿ, ಮುರಿಯುವುದಕ್ಕೆ ಅಂತ ಇನ್ನು ನಾಲ್ಕು. ಒಟ್ಟು ಮುನ್ನೂರರ ಹತ್ತಿರ ಬೇಕಾಯಿತು.

ಮುಖ್ಯ ವಿಷಯ ಇದು. ಮಾಮೂಲಿ ನಾಲ್ಕು ಕೈಯ ಶಿಲುಬೆ ಬಿಟ್ಟು ಮೂರು ಕೈಯದು ಹಿಡಿದೆ. ನಾಲ್ಕರದ್ದು ಸುತ್ತಿ ಸುತ್ತಿ ಮಗುವಿಗೆ ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಮೊದಲ ಮೂರು ಕಡ್ಡಿ ನಾನೇ ಕೂಡಿಸಿ, ನಡುವೆ ಬಟ್ಟೆ ಕ್ಲಿಪ್ ಹಾಕಿ ಕೊಟ್ಟೆ. ಇಬ್ಬಿಬ್ಬರ ಜೋಡಿ. ಒಬ್ಬರು ನಡುವೆ ಚಿವುಟಿ ಹಿಡಿಯಬೇಕು, ಇನ್ನೊಬ್ಬರು ಕಡ್ಡಿ ಮಡಚಿ ಮುಂದಿನ ಕೈಯನ್ನು ತಬ್ಬಿಸಬೇಕು. ಆಮೇಲೆ ಅದಲು ಬದಲು. "ಹಗ್, ಟರ್ನ್. ಹಗ್, ಟರ್ನ್." ಅಷ್ಟೇ ಪಾಠ. ಒಬ್ಬ ಪುಟ್ಟ ನಾಲಿಗೆ ಹೊರಗೆ ಚಾಚಿಕೊಂಡು, ಕಡ್ಡಿ ತಬ್ಬಿಸಿದಾಗೆಲ್ಲ ಅದಕ್ಕೆ ಒಂದು ಮುತ್ತು ಕೊಡುತ್ತಿದ್ದ. ಒಂದು ಸಲಕ್ಕೆ ಆರು ಮಕ್ಕಳು, ಒಂದು ಗುಂಪಿಗೆ ಇಪ್ಪತ್ತೈದು ನಿಮಿಷದ ಹಾಗೆ, ಎರಡು ದಿನ. ತುದಿಗೆ ರಬ್ಬರ್ ಬ್ಯಾಂಡ್ ಮಾತ್ರ ನಾನು ಹಾಕಿದ್ದು. ಉಳಿದ ಮೂವರು ಸಿಪ್ಪೆ ಸುಲಿದು ಒಳಗಿನ ಬಿಳಿ ಬೆಂಡು ತೆಗೆಯುತ್ತಾ ಕೂತರು, ಬಿಟ್ಟುಬಿಟ್ಟೆ. ಹಿಂದೆ ಆ ಬೆಂಡನ್ನು ಕೊಬ್ಬಿನಲ್ಲಿ ಅದ್ದಿ ದೀಪ ಹಚ್ಚುತ್ತಿದ್ದರಂತೆ.

ಹೆಣೆಯುವ ಮುಂಚೆ ಬಾಗಿಲಾಟ ಆಡಿಸಿದ್ದು ಬಹಳ ಕೆಲಸಕ್ಕೆ ಬಂತು. ಹಳ್ಳಿಗಳಲ್ಲಿ ಹಬ್ಬದ ಹಿಂದಿನ ರಾತ್ರಿ ಒಬ್ಬರು ಜೊಂಡಿನ ಕಟ್ಟು ಹಿಡಿದು ಹೊರಗೆ ನಿಂತು, ಬ್ರಿಜಿಡ್‌ಳನ್ನು ಒಳಗೆ ಬಿಡಿ ಅಂತ ಮೂರು ಸಲ ಕೇಳುತ್ತಿದ್ದರು. ಒಳಗಿನವರು ಬರಲಿ ಬರಲಿ ಅನ್ನಬೇಕು. ನಮ್ಮಲ್ಲಿ ಹೊಸ ಮದುಮಕ್ಕಳಿಗೆ ಬಾಗಿಲು ತಡೆಯುತ್ತಾರಲ್ವಾ, ಅದೇ ಗಮ್ಮತ್ತು. 22 ಮಕ್ಕಳೂ ಬ್ರಿಜಿಡ್ ಆಗಲೇಬೇಕು ಅಂತ ಹಟ ಹಿಡಿದರು.

ಇನ್ನು ಬ್ರಿಜಿಡ್‌ಳ ಮೇಲಂಗಿಯ ಕಥೆ. ಅವಳು ಮಠಕ್ಕೆ ಜಾಗ ಕೇಳಿದಾಗ ಲೆನ್‌ಸ್ಟರ್ ರಾಜ, ನಿನ್ನ ಮೇಲಂಗಿ ಮುಚ್ಚುವಷ್ಟು ಜಾಗ ತಗೋ ಅಂದನಂತೆ. ಅದು ಕಿಲ್ಡೇರಿನ ಕರಾ ಅನ್ನುವ ದೊಡ್ಡ ಬಯಲಿನ ತುಂಬಾ ಹರಡಿತಂತೆ. ಬೆಡ್‌ಶೀಟ್ ಹಾಸಿ ಹೇಳಿದಾಗ ಯಾರೂ ಕ್ಯಾರೇ ಅನ್ನಲಿಲ್ಲ. ಈ ಸಲ ನನ್ನ ಹಳೆ ವಾಯಿಲ್ ಸೀರೆಯನ್ನು ಕರ್ಚೀಫಿನಷ್ಟು ಮಡಚಿ ಒಯ್ದೆ. ನಾಲ್ಕು ಮಕ್ಕಳು ನಾಲ್ಕು ಮೂಲೆ ಹಿಡಿದು ಓಡಿದರು. ಐದೂವರೆ ಮೀಟರ್ ಬಿಚ್ಚಿಕೊಳ್ಳುವಾಗ ಕ್ಲಾಸು ಕಿರುಚಿದ್ದು ಆಫೀಸಿಗೆ ಕೇಳಿಸಿತು.

ಬೆಣ್ಣೆ ಪ್ರಯೋಗ ಮೊದಲ ದಿನ ಕೈಕೊಟ್ಟಿತು. ಬ್ರಿಜಿಡ್ ಹಸು, ಹಾಲು, ಬೆಣ್ಣೆ ಕಾಯುವವಳು ತಾನೇ, ಜಾಮ್ ಬಾಟಲಿಗೆ ಕ್ರೀಮ್ ಹಾಕಿ ಕುಲುಕಿಸಿದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಹಾಕಿದ್ದು. ಇಪ್ಪತ್ತೈದು ನಿಮಿಷ ಆದರೂ ಇಲ್ಲ, ಮಕ್ಕಳ ಕೈ ಸೋತಿತು. ಅಮ್ಮ ಫೋನಿನಲ್ಲಿ, "ಚಳಿಗಾಲದಲ್ಲಿ ಬಿಸಿನೀರು ಬೆರೆಸಿ ಕಡೀತಿದ್ವಲ್ಲೇ, ಮರೆತ್ಯಾ?" ಅಂದರು. ಮಾರನೇ ದಿನ ಕ್ರೀಮನ್ನು ಒಂದು ಗಂಟೆ ಹೊರಗಿಟ್ಟೆ. ಹತ್ತು ನಿಮಿಷಕ್ಕೆ ಬೆಣ್ಣೆ.

ಜನವರಿ 31ರ ರಾತ್ರಿ ಹೊರಗಿಟ್ಟ ಬಟ್ಟೆಯನ್ನು ಬ್ರಿಜಿಡ್ ಮುಟ್ಟಿ ಹೋಗುತ್ತಾಳೆ, ರಿಬ್ಬನ್ ಆದರೆ ಉದ್ದ ಆಗುತ್ತದೆ ಅನ್ನುವ ನಂಬಿಕೆ ಇದೆ. ಈ ಸಲ ಶನಿವಾರ ಬಂದಿದ್ದರಿಂದ ಅಳೆದ ರಿಬ್ಬನ್ ಮನೆಗೆ ಕಳಿಸಿದೆ. 22ರಲ್ಲಿ ಹನ್ನೊಂದೋ ಹನ್ನೆರಡೋ ವಾಪಸ್ ಬಂದವು. ಒಬ್ಬ ಪುಟ್ಟಿಯದು ವಾಷಿಂಗ್ ಮಷಿನ್ನಿಗೆ ಹೋಗಿ ಗಿಡ್ಡ ಆಗಿತ್ತು. ಅವಳಿಗೆ ಸಮಾಧಾನ ಹೇಳುವಷ್ಟರಲ್ಲಿ ಸಾಕಾಯಿತು.

ಮೂರು ಕೈಯ ಶಿಲುಬೆ ನೋಡಿ, ಇಪ್ಪತ್ತು ವರ್ಷ ಅನುಭವ ಇರುವ ನಮ್ಮ ಸಹೋದ್ಯೋಗಿಯೊಬ್ಬರು "ಇದು ಬ್ರಿಜಿಡ್‌ದಲ್ಲ, ನೀನು ಅರ್ಧಕ್ಕೆ ಬಿಟ್ಟಿದ್ದೀಯ" ಅಂದಿದ್ದರು. ಶುಕ್ರವಾರ ಮಗುವನ್ನು ಕರೆದೊಯ್ಯಲು ಬಂದ ಅಜ್ಜ ಅದನ್ನು ತಿರುಗಿಸಿ ನೋಡಿ, "ಅರೆ, ಇದು ಕೊಟ್ಟಿಗೆಯದು, ನಮ್ಮಪ್ಪ ಹಸುಗಳ ಮೇಲೆ ಕಟ್ಟುತ್ತಿದ್ದರು" ಅಂದರು. ಸಹೋದ್ಯೋಗಿ ಪಕ್ಕದಲ್ಲೇ ನಿಂತಿದ್ದರು. ನಾನು ಏನೂ ಮಾತಾಡಲಿಲ್ಲ, ಸುಮ್ನೆ ಮಗುವಿನ ಕೋಟಿನ ಜಿಪ್ ಎಳೆದೆ.