ಪಾಪ್‌ಕಾರ್ನ್ ಬಟನ್ ಕೆಲಸ ಮಾಡುತ್ತೆ, ಕಲಬುರಗಿಯಲ್ಲೂ: ನನ್ನ ಅನುಭವ

"ಪಾಪ್‌ಕಾರ್ನ್ ಬಟನ್ ಬಳಸಬೇಡಿ" ಅಂತ ಮೈಕ್ರೋವೇವ್ ಪಾಪ್‌ಕಾರ್ನ್‌ನ ಎಷ್ಟೋ ಪ್ಯಾಕೆಟ್‌ಗಳ ಮೇಲೇ ಅಚ್ಚು ಹಾಕಿರುತ್ತಾರೆ. ಮೈಕ್ರೋವೇವ್ ಮಾಡುವ ಕಂಪನಿಯವರು ಮಾತ್ರ ಅದೇ ಬಟನ್ನನ್ನು ಎದ್ದು ಕಾಣುವ ಜಾಗದಲ್ಲಿ ಇಡುತ್ತಾರೆ. ಇವರಿಬ್ಬರ ಜಗಳದಲ್ಲಿ ನಮ್ಮನೆಯಲ್ಲಿ ಎರಡು ಕಿಲೋ ಮೇಲೆ ಕಾಳು ಕರಕಲಾಯಿತು. ಈಗ ಹೆಚ್ಚುಕಡಿಮೆ ಒಂದು ವರ್ಷದಿಂದ ನಾನು ಬರೀ ಆ ಬಟನ್ನಿಂದಲೇ ಮಾಡುತ್ತಿದ್ದೇನೆ. ಅರವತ್ತು ಗ್ರಾಂ ಹಾಕಿದರೆ ಅರಳದೆ ಉಳಿಯುವುದು ಒಂದು ಚಮಚದಷ್ಟೂ ಇಲ್ಲ. ರಿಪೇರಿಗೆ ಬಂದಿದ್ದ ಹುಡುಗ "ಅದು ಸುಮ್ನ ಶೋಕಿಗಿ ಇಟ್ಟಾರ್ರಿ ಸರ, ಒತ್ತಬ್ಯಾಡ್ರಿ" ಅಂದಿದ್ದ. ಹೋದ ತಿಂಗಳು ಅವನೇ ಒಂದು ಬಟ್ಟಲು ಖಾಲಿ ಮಾಡಿ ಹೋದ.

ನನ್ನದು ಸೋಲೋ ಮಷಿನ್, ಅಂದರೆ ಗ್ರಿಲ್ ಇಲ್ಲದ ಬರೀ ಮೈಕ್ರೋವೇವ್, ಇಪ್ಪತ್ತು ಲೀಟರ್ ಚಿಲ್ಲರೆ, 800 ವ್ಯಾಟ್. ಹೊಸದರಲ್ಲಿ ಐದೂವರೆ ಸಾವಿರದ ಹತ್ತಿರ ಕೊಟ್ಟಿದ್ದೆ. ಪಾಪ್‌ಕಾರ್ನ್ ಬಟನ್ ಒಂದು ಸಲ ಒತ್ತಿದರೆ 50 ಗ್ರಾಂ, ಎರಡು ಸಲ ಒತ್ತಿದರೆ 100 ಗ್ರಾಂ. ಮೊದಲನೆಯದಕ್ಕೆ ಒಂದೂ ಮುಕ್ಕಾಲು ನಿಮಿಷ, ಎರಡನೆಯದಕ್ಕೆ ಮೂರಕ್ಕೆ ಸ್ವಲ್ಪ ಕಡಿಮೆ. ಇಂಥ ಮಷಿನ್‌ನಲ್ಲಿ ಬಟನ್ ಅಂದರೆ ಬರೀ ಗಡಿಯಾರ. ಒಳಗೆ ಏನಿದೆ, ಅರಳಿತೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ. ದುಬಾರಿ ಮಷಿನ್‌ಗಳಲ್ಲಿ ಹಬೆ ಹಿಡಿಯುವ ಸೆನ್ಸರ್ ಇರುತ್ತದೆ, ಅಂಥದ್ದು ಇಟ್ಟುಕೊಂಡವರ ಕಥೆ ಬೇರೆ. ಅವರು ಮಾಡಬೇಕಾದ್ದು ಒಂದೇ: ಒಳಗೆ ಒಂದು ಹನಿ ತೇವ ಇಲ್ಲದಂತೆ ಒರೆಸಿ ಶುರು ಮಾಡುವುದು. ಇಲ್ಲದಿದ್ದರೆ ಸೆನ್ಸರ್ ಮೋಸ ಹೋಗುತ್ತದೆ.

ಗಡಿಯಾರಕ್ಕೆ ನಮ್ಮ ಪರಿಸ್ಥಿತಿ ಗೊತ್ತಿಲ್ಲ ಅಂದಮೇಲೆ ಪರಿಸ್ಥಿತಿಯನ್ನೇ ಗಡಿಯಾರಕ್ಕೆ ಸರಿಹೊಂದಿಸಬೇಕು. ನಾನು ಮಾಡಿದ್ದು ಇಷ್ಟೇ. ಆದರೆ ಇಷ್ಟಕ್ಕೆ ಬರಲು ಬಹಳ ದುಡ್ಡು ಹೋಯಿತು.

ಮೊದಲ ಶತ್ರು ಕರೆಂಟು. ಏಪ್ರಿಲ್ ಮಧ್ಯಾಹ್ನ ಸೇಡಂ ರಸ್ತೆ ಕಡೆಯ ನಮ್ಮ ಬಡಾವಣೆಯಲ್ಲಿ ಎಲ್ಲರ ಮನೆ ಕೂಲರ್, ಏಸಿ ಒಟ್ಟಿಗೆ ಓಡುತ್ತವೆ. 230 ಇರಬೇಕಾದ ವೋಲ್ಟೇಜ್ 190ರ ಆಸುಪಾಸಿಗೆ ಇಳಿಯುತ್ತದೆ. ಮಷಿನ್ ಗುಂಯ್ ಅನ್ನುತ್ತದೆ, ತಟ್ಟೆ ತಿರುಗುತ್ತದೆ, ಲೈಟೂ ಇರುತ್ತದೆ. ಕಾಳು ಮಾತ್ರ ಅರ್ಧ ಅರಳಿ ಅರ್ಧ ಹಾಗೇ ಕೂತಿರುತ್ತದೆ. ಸರಿ, ಇನ್ನೊಂದು ಮೂವತ್ತು ಸೆಕೆಂಡ್ ಕೊಡೋಣ ಅಂತ ಒತ್ತಿದರೆ ಮೊದಲೇ ಅರಳಿದ್ದು ಕಪ್ಪಾಗುತ್ತದೆ, ಅರಳದ್ದು ಅರಳುವುದೇ ಇಲ್ಲ. ಸುಟ್ಟ ಪಾಪ್‌ಕಾರ್ನ್ ವಾಸನೆ ಹೇಗಿರುತ್ತೆ ಅಂತ ಹೇಳಬೇಕಿಲ್ಲ ಅಲ್ವಾ? ಪರದೆಯಲ್ಲೂ ಕೂತುಬಿಡುತ್ತದೆ. ನಿಂಬೆಹಣ್ಣಿನ ಹೋಳು ಹಾಕಿ ನೀರು ಕುದಿಸಿದರೆ ಮಷಿನ್ ಒಳಗಿನ ವಾಸನೆ ಹೋಗುತ್ತದೆ, ಮನೆಯದ್ದು ಹೋಗಲ್ಲ.

ಮುನ್ನೂರು ರೂಪಾಯಿ ಚಿಲ್ಲರೆ ಕೊಟ್ಟು ಅಡುಗೆ ಥರ್ಮಾಮೀಟರ್ ತರಿಸಿದೆ. ಒಂದು ಲೀಟರ್ ನೀರು, ಪೂರ್ತಿ ಪವರ್, ಸರಿಯಾಗಿ ಒಂದು ನಿಮಿಷ. ಬಿಸಿ ಎಷ್ಟು ಡಿಗ್ರಿ ಏರಿತೋ ಅದನ್ನು 70ರಿಂದ ಗುಣಿಸಿದರೆ ನೀರಿಗೆ ಸೇರಿದ ವ್ಯಾಟ್ ಸಿಗುತ್ತದೆ. ಮಧ್ಯಾಹ್ನ ಎಂಟು ಡಿಗ್ರಿ ಏರಿತು, ಅಂದರೆ 560. ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಹನ್ನೊಂದು, ಅಂದರೆ 770. ಮಷಿನ್ ಅದೇ, ಬಟನ್ ಅದೇ, ಇನ್ನೂರು ವ್ಯಾಟ್ ಮಾಯ. ಮನೆಯವರಿಗೆ ಈ ಲೆಕ್ಕ ತೋರಿಸಿದರೆ "ಪಾಪ್‌ಕಾರ್ನ್ ತಿನ್ನಲಿಕ್ಕ ಐದು ಗಂಟಿಗಿ ಏಳ್ತೀರೇನ್ರಿ?" ಅಂದರು.

ಸ್ಟೆಬಿಲೈಜರ್ ವಿಚಾರಿಸಿದೆ. ಈ ಮಷಿನ್ ಎಳೆಯುವ ಕರೆಂಟಿಗೆ ತಾಳುವಂಥದ್ದು ಮೂರೂವರೆ ಸಾವಿರ ಅಂದರು. ಪಾಪ್‌ಕಾರ್ನ್‌ಗೆ ಮೂರೂವರೆ ಸಾವಿರವೇ? ಬಿಟ್ಟೆ. ಅದರ ಬದಲು ಎರಡು ಕೆಲಸ ಮಾಡುತ್ತೇನೆ. ಒಂದು, ರಾತ್ರಿ ಊಟ ಆದ ಮೇಲೆ ಮಾಡುವುದು. ಆಗ ವೋಲ್ಟೇಜ್ ಚೆನ್ನಾಗಿರುತ್ತದೆ. ಎರಡು, ಮಧ್ಯಾಹ್ನ ಮಾಡಲೇಬೇಕಾದರೆ ಬಟ್ಟಲಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಕಾಯಿಸಿ, ಚೆಲ್ಲಿ, ಒರೆಸಿ, ಆ ಬಿಸಿ ಬಟ್ಟಲಿಗೇ ಕಾಳು ಹಾಕುವುದು. ಕಡಿಮೆ ಬಿದ್ದ ಶಾಖವನ್ನು ಹೀಗೆ ಮುಂಗಡ ಕೊಟ್ಟಂತಾಯಿತು. ಎಷ್ಟು ನೀರು, ಎಷ್ಟು ಹೊತ್ತು ಅಂತ ಕೇಳಬೇಡಿ. ಬಟ್ಟಲಿಗೆ ತಕ್ಕಂತೆ ಬದಲಾಗುತ್ತದೆ, ನನ್ನ ಲೆಕ್ಕ ನನ್ನ ಹತ್ತಿರ ಇರಲಿ.

ಎರಡನೇ ಶತ್ರು ಕಾಳೇ. ಇದನ್ನು ತಿಳಿಯಲು ತಡವಾಯಿತು. ರಾತ್ರಿ, ಒಳ್ಳೆ ವೋಲ್ಟೇಜಲ್ಲೂ ಕಾಲು ಭಾಗ ಅರಳದೆ ಉಳಿಯುತ್ತಿತ್ತು. ಗಂಜ್ ಮಾರುಕಟ್ಟೆಯಲ್ಲಿ ಬಿಡಿ ಕಾಳು ಕಿಲೋಗೆ ನೂರ ನಲವತ್ತರ ಆಸುಪಾಸು. ಅಂಗಡಿ ಬದಲಿಸಿದೆ, ಸೂಪರ್ ಮಾರ್ಕೆಟ್ ಕಡೆ ಹೋಗಿ ನೂರ ಎಂಬತ್ತರದ್ದು ತಂದೆ, ಅದೇ ಗೋಳು. ಶರಣಬಸವೇಶ್ವರ ಜಾತ್ರೆಯಲ್ಲಿ ಕಡಾಯಿಯಲ್ಲಿ ಬಿಸಿ ಉಪ್ಪು ಹಾಕಿ ಹುರಿಯುವವನೊಬ್ಬನನ್ನು ನೋಡುತ್ತಾ ನಿಂತೆ. ಪ್ರತಿ ಸಲ ಒಂದು ಹಿಡಿ ತೆಗೆದ ಕೂಡಲೇ ಚೀಲದ ಬಾಯಿ ತಿರುಚಿ ಕಟ್ಟುತ್ತಿದ್ದ. ಯಾಕೆ ಅಂದೆ. "ಬಿಸಿಲಿಗಿ ಕಾಳು ಒಣಗಿ ಕಲ್ಲ ಆಗ್ತದ್ರಿ" ಅಂದ.

ಅಲ್ಲಿಗೆ ಹೊಳೆಯಿತು. ಕಾಳಿನೊಳಗೆ ಶೇಕಡಾ 14ರ ಹತ್ತಿರ ನೀರು ಇದ್ದರೇ ಅದು ಸರಿಯಾಗಿ ಸಿಡಿಯುವುದು. ಆ ನೀರು 180 ಡಿಗ್ರಿ ಹತ್ತಿರ ಹಬೆಯಾಗಿ ಸಿಪ್ಪೆ ಒಡೆಯಬೇಕು. ನಮ್ಮೂರಲ್ಲಿ ಮೇ ತಿಂಗಳು 43 ಡಿಗ್ರಿ, ಗಾಳಿಯಲ್ಲಿ ಪಸೆ ಇಲ್ಲ, ಅಂಗಡಿಯಲ್ಲಿ ಚೀಲ ಬಾಯಿ ತೆರೆದು ಕೂತಿದೆ. ನೀರು ಉಳಿಯುವುದಾದರೂ ಹೇಗೆ? ಬೆಂಗಳೂರಿನ ತಂಪಲ್ಲಿ ಕೂತು ಪಾಪ್‌ಕಾರ್ನ್ ಬಗ್ಗೆ ಬುದ್ಧಿ ಹೇಳುವವರಿಗೆ ಈ ಕಷ್ಟ ಗೊತ್ತಿಲ್ಲ.

ಪರಿಹಾರ ಸುಲಭ, ತಾಳ್ಮೆ ಬೇಕು. ಅರ್ಧ ಕಿಲೋ ಕಾಳು ಗಾಜಿನ ಡಬ್ಬಿಗೆ ಹಾಕಿ ಒಂದು ಟೀ ಚಮಚ ನೀರು ಚಿಮುಕಿಸಿ ಮುಚ್ಚಳ ಬಿಗಿ ಮಾಡಿ. ದಿನಕ್ಕೆ ಎರಡು ಮೂರು ಸಲ ಕುಲುಕಿ. ಒಂದು ಚಮಚ ಅಂದರೆ ಶೇಕಡಾ ಒಂದು ಹೆಚ್ಚಾದಂತೆ. ಬೇಸಿಗೆಯ ಗಂಜ್ ಕಾಳಿಗೆ ನನಗೆ ಎರಡು ಚಮಚ ಹಿಡಿಸಿತು, ಕೆಲವು ಚೀಲಕ್ಕೆ ಮೂರು. ನಾಲ್ಕು ಹಾಕಿದರೆ ಚಿಕ್ಕದಾಗಿ ಅರಳಿ ಅಗಿಯುವಂತೆ ಬರುತ್ತದೆ, ಗರಿಗರಿ ಇರಲ್ಲ. ಮೂರ್ನಾಲ್ಕು ದಿನ ಬಿಟ್ಟು ಬಳಸಿ. ಎರಡೇ ದಿನಕ್ಕೆ ತೆಗೆದರೆ ಸಿಪ್ಪೆ ಮಾತ್ರ ತೇವ, ಒಳಗೆ ಒಣ. ನೀರು ಹಾಕಿದ ಡಬ್ಬಿ ವಾರಗಟ್ಟಲೆ ಇಡಬೇಡಿ, ಬೂಸರು ಬರುತ್ತದೆ. ನಮ್ಮ ಅತ್ತಿಗೆ "ಪಾಪ್‌ಕಾರ್ನ್ ಕಾಳಿಗಿ ಯಾರರೆ ನೀರ್ ಹಾಕ್ತಾರೇನು" ಅಂತ ಊರಿಗೆಲ್ಲ ಹೇಳಿ ನಕ್ಕಿದ್ದರು. ಈಗ ಅವರ ಅಡುಗೆಮನೆಯಲ್ಲೂ ಅಂಥದ್ದೊಂದು ಡಬ್ಬಿ ಇದೆ.

ಮೂರನೆಯದು ಪಾತ್ರೆ. ಮೈಕ್ರೋವೇವ್ ಪ್ಯಾಕೆಟ್‌ನ ಅಡಿಯಲ್ಲಿ ಬೂದು ಬಣ್ಣದ ಲೋಹದ ಪದರ ಇರುತ್ತದಲ್ಲ, ಅದು ಬೇಗ ಕಾದು ಕಾಳಿಗೆ ನೇರ ಬಿಸಿ ಕೊಡುತ್ತದೆ. ಬಟನ್‌ನ ಸಮಯ ಇಟ್ಟಿರುವುದು ಅಂಥ ಪ್ಯಾಕೆಟ್‌ಗೆ. ಗಾಜಿನ ಬಟ್ಟಲಲ್ಲಿ ಆ ಪದರ ಇಲ್ಲ, ಮೇಲಾಗಿ ಗಾಜೂ ಕಾಯಬೇಕು. ಹಾಗಾಗಿ 50 ಗ್ರಾಂ ಕಾಳಿಗೆ 50ರ ಬಟನ್ ಒತ್ತಿದರೆ ಆಗಲ್ಲ. ಸೂತ್ರ ಇದು: ಬಿಸಿ ತಾಳುವ ಬೋರೋಸಿಲಿಕೇಟ್ ಗಾಜಿನ ಬಟ್ಟಲು, 60 ಗ್ರಾಂ ಕಾಳು, ಒಂದು ಚಮಚ ಎಣ್ಣೆ ಸವರಿ, ಮೇಲೆ ಪಿಂಗಾಣಿ ತಟ್ಟೆ ಹಬೆ ಹೋಗುವಷ್ಟು ಸಂದಿ ಬಿಟ್ಟು ಮುಚ್ಚಿ, 100ರ ಬಟನ್. ಕೊನೆಯ ಹದಿನೈದು ಸೆಕೆಂಡ್ ಕಿವಿ ಕೊಟ್ಟು ನಿಲ್ಲಿ. ಎರಡು ಸಿಡಿತದ ನಡುವೆ ಎರಡು ಸೆಕೆಂಡ್ ಅಂತರ ಬಂದರೆ ಬಟನ್ ಮುಗಿಯುವುದಕ್ಕೂ ಅದಕ್ಕೂ ಸರಿಹೋಗಿದೆ ಅಂತ ಅರ್ಥ. ಅಂತರ ಮೊದಲೇ ಬಂದರೆ ಮುಂದಿನ ಸಲ ಐದು ಗ್ರಾಂ ಹೆಚ್ಚು ಕಾಳು ಹಾಕಿ. ಸಮಯ ಮುಟ್ಟಬೇಡಿ, ಕಾಳನ್ನೇ ಬದಲಿಸಿ. ಮುಂದಿನ ಸಲವೂ ಬಟನ್ ಅಷ್ಟೇ ಹೊತ್ತು ಓಡುತ್ತದೆ, ಅದೇ ಅದರ ಲಾಭ. ಬಟ್ಟಲು ತೆಗೆಯುವಾಗ ದಪ್ಪ ಬಟ್ಟೆ ಇರಲಿ, ಕೈ ಸುಡುತ್ತದೆ.

ಇನ್ನೊಂದು, ಬಹಳ ಜನ ಗಮನಿಸಲ್ಲ. ಎರಡನೇ ಸರದಿ ಸುಡುತ್ತದೆ. ಮೊದಲನೆಯದಕ್ಕೆ ಒಳಗಿನ ತಟ್ಟೆ, ಗೋಡೆ ಎಲ್ಲಾ ಕಾದಿರುತ್ತವೆ, ಬಟನ್ ಮಾತ್ರ ತಣ್ಣಗಿನ ಮಷಿನ್ ಅಂತಲೇ ತಿಳಿದು ಓಡುತ್ತದೆ. ಮಗಳ ಹುಟ್ಟುಹಬ್ಬದ ದಿನ ಒಂದರ ಹಿಂದೆ ಒಂದು ಇಡುತ್ತಾ ಹೋಗಿ ಮೂರನೆಯದಕ್ಕೆ ಹೊಗೆ ಬಂತು. ಬಿಸಿ ತಟ್ಟೆ ಒದ್ದೆ ಕಟ್ಟೆಗೆ ಇಟ್ಟಾಗ ಟಪ್ ಅಂತ ಬಿರುಕೂ ಬಿಟ್ಟಿತು. ಹೊಸ ತಟ್ಟೆಗೆ ಆರುನೂರೈವತ್ತು. ಈಗ ಬಾಗಿಲು ತೆಗೆದು ಏಳೆಂಟು ನಿಮಿಷ ಬಿಡುತ್ತೇನೆ, ಬಟ್ಟಲು ಬದಲಿಸುತ್ತೇನೆ.

ಅಡ್ಡ ಪ್ರಯೋಗಗಳೂ ಆದವು. ಪಂಚಮಿಗೆ ಜೋಳದ ಅಳ್ಳು (ಅರಳು) ಇದೇ ಬಟನ್‌ನಲ್ಲಿ ಬರುತ್ತಾ ನೋಡೋಣ ಅಂತ ಕೂತೆ. ರೊಟ್ಟಿಗೆ ಬಳಸುವ ಮಾಲ್ದಂಡಿ ಜೋಳ ಹಾಕಿದರೆ ಅಲ್ಲೊಂದು ಇಲ್ಲೊಂದು ಬಿರಿಯಿತು, ಉಳಿದಿದ್ದು ಕೆಂಪಗಾಯಿತು. ಅಳ್ಳಿನ ಜೋಳವನ್ನೇ ತಂದು, ರಾತ್ರಿ ನೀರು ಚಿಮುಕಿಸಿ ಬಟ್ಟೆ ಮುಚ್ಚಿಟ್ಟು ಬೆಳಗ್ಗೆ ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಅರಳಿತು. ಬಾಣಲೆಯ ಅಳ್ಳಿನ ಹತ್ತಿರಕ್ಕೂ ಬರಲ್ಲ, ಆದರೆ ಹಿಟ್ಟು ಮಾಡಲು ಸಾಕು. 30 ಗ್ರಾಂಗಿಂತ ಜಾಸ್ತಿ ಹಾಕಿದರೆ ಕೆಟ್ಟುಹೋಗುತ್ತದೆ. ಅಮ್ಮ ಇನ್ನೂ ಒಪ್ಪಿಲ್ಲ. ಶೇಂಗಾ ಹುರಿಯಲು ಮಾತ್ರ ಈ ಬಟನ್ ಎರಡು ಸಲ ಓಡಿಸಿ ನಡುವೆ ಕೈಯಾಡಿಸಿದರೆ ಬಹಳ ಚೆನ್ನಾಗಿ ಬರುತ್ತದೆ. ಹಳೇ ಪ್ಯಾಕೆಟ್‌ನ ಬೂದು ಪದರ ಕತ್ತರಿಸಿ ಬಟ್ಟಲಿನಡಿ ಇಟ್ಟೂ ನೋಡಿದೆ, ಕಮಟು ವಾಸನೆ ಬಂದು ಅಂಚು ಕಪ್ಪಾಯಿತು. ಅದನ್ನು ಮಾಡಬೇಡಿ. ಬೇಕರಿ ಕಾಗದದ ಚೀಲಕ್ಕೆ ಪಿನ್ನು ಹೊಡೆದು ಇಡುವವರಿದ್ದಾರೆ, ಅದೂ ಬೇಡ.

ದುಡ್ಡಿನ ವಿಷಯ. ಒಂದು ಬಟ್ಟಲಿಗೆ ಕಾಳು ಎಂಟೂವರೆ ರೂಪಾಯಿ, ಎಣ್ಣೆ ಬೆಣ್ಣೆ ಉಪ್ಪು ಸೇರಿ ನಾಲ್ಕು. ಮಷಿನ್ ಗೋಡೆಯಿಂದ ಎಳೆಯುವುದು ಸುಮಾರು 1,250 ವ್ಯಾಟ್, ಮೂರು ನಿಮಿಷ ಅಂದರೆ 0.06 ಯೂನಿಟ್, ಐವತ್ತು ಪೈಸೆಯೂ ಆಗಲ್ಲ. ಒಟ್ಟು ಹದಿಮೂರು. ಸಿನಿಮಾ ಹಾಲ್‌ನಲ್ಲಿ ಇಷ್ಟೇ ಪಾಪ್‌ಕಾರ್ನ್‌ಗೆ ಎಷ್ಟು ಕೊಡುತ್ತೀರಿ ಅಂತ ನಿಮಗೇ ಗೊತ್ತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಉಪ್ಪಿನ ಪಾಪ್‌ಕಾರ್ನ್‌ಗೆ ತೆರಿಗೆ ಬಿಡಿಯಾದರೆ ಶೇಕಡಾ 5, ಪ್ಯಾಕ್ ಆದರೆ 12, ಕ್ಯಾರಮೆಲ್ ಆದರೆ 18 ಅಂತ ಹೇಳಿದಾಗ ದೇಶವೇ ನಕ್ಕಿತಲ್ಲ, ಆ ವಾರ ನಮ್ಮನೆಯಲ್ಲಿ ಮೂರೂ ಬಗೆ ಮಾಡಿ ತಿಂದೆವು, ತೆರಿಗೆ ಇಲ್ಲದೆ. ಕಲಿಯುವಾಗ ಹೋದದ್ದು ತಟ್ಟೆ, ಥರ್ಮಾಮೀಟರ್, ಕಾಳು ಎಲ್ಲಾ ಸೇರಿ ಎರಡು ಸಾವಿರದ ಹತ್ತಿರ ಇರಬೇಕು.

ಮನೆಯವರು ಸಂಜೆ ಟ್ಯೂಷನ್ ಹೇಳುತ್ತಾರೆ. ಆ ಮಕ್ಕಳಿಗೆ ಕಾಗದದ ಪೊಟ್ಟಣದಲ್ಲಿ ಹತ್ತು ರೂಪಾಯಿಗೆ ಕೊಡಲು ಶುರು ಮಾಡಿದೆವು. ಒಂದು ಬಟ್ಟಲಿಗೆ ನಾಲ್ಕು ಪೊಟ್ಟಣ. ಹೋದದ್ದು ಬಂದು ಬಹಳ ದಿನ ಆಯಿತು. ಮಕ್ಕಳಿಗೆ ಇಷ್ಟ ಆಗುವುದು ಶೇಂಗಾ ಚಟ್ನಿ ಪುಡಿ ಉದುರಿಸಿದ್ದು. ಪುಡಿ ಅಂಟಿಕೊಳ್ಳಲು ಬೆಣ್ಣೆ ಯಾವಾಗ ಹಾಕಬೇಕು ಅನ್ನುವುದು ಮಾತ್ರ ನಮ್ಮ ಮನೆಯ ಗುಟ್ಟು, ಪಕ್ಕದ ಓಣಿಯಲ್ಲಿ ಇನ್ನೊಬ್ಬರು ಮೈಕ್ರೋವೇವ್ ತಂದಿದ್ದಾರೆ. ಅರಳದೆ ಉಳಿದ ಕಾಳು ಎಸೆಯಬೇಡಿ. ಬೇರೆ ಡಬ್ಬಿಯಲ್ಲಿ ಕೂಡಿಟ್ಟು, ಒಂದು ಹಿಡಿ ಆದ ಮೇಲೆ ಸ್ವಲ್ಪ ನೀರು ಚಿಮುಕಿಸಿ ನಾಲ್ಕು ದಿನ ಬಿಟ್ಟು ಹಾಕಿ. ಸಿಪ್ಪೆ ಬಿರಿದವು ಏಳಲ್ಲ, ಸಿಪ್ಪೆ ಗಟ್ಟಿ ಇದ್ದವುಗಳಲ್ಲಿ ಅರ್ಧದಷ್ಟಾದರೂ ಅರಳುತ್ತವೆ.